ಜೆರೋಮನ ಪೋಸ್ಟ್ ಬಾಕ್ಸಿಗೆ ಬಂದ ಪುಸ್ತಕಗಳು

ನಮ್ಮ ಎದುರುಮನೆಯ ಶರ್ಲಿನ್ ಇಡೀ ಒಂದು ವರ್ಷ ಒಂದು ಗ್ರಂಥಾಲಯವನ್ನು ಬೈದಳು. ಪಕ್ಕದಲ್ಲಿ ಕೂತು ನಾನೂ ಬೈದೆ. ತಪ್ಪು ಗ್ರಂಥಾಲಯದ್ದಲ್ಲ ಎಂದು ಗೊತ್ತಾದಂದಿನಿಂದ ನನಗೆ ಯಾರ ಸವಿಮಾತೂ ರುಚಿಸುವುದಿಲ್ಲ.

ತೊಂಬತ್ತೆಂಟರ ಮಾತು. ಕುವೈತ್‌ನ ಮಂಗಫ್‌ನಲ್ಲಿದ್ದ ನಮ್ಮ ಕಟ್ಟಡದಿಂದ ಕಂಪನಿ ಬಸ್ಸು ಗಂಡಸರನ್ನು ತುಂಬಿಕೊಂಡು ರಿಫೈನರಿಗೆ ಹೋದಮೇಲೆ ಉಳಿಯುವವರು ನಾವು ಹೆಂಗಸರು. ನಾನು ಉಳ್ಳಾಲದ ಬ್ಯಾರಿ ಹೆಂಗಸು, ಹೊಲಿಗೆ ಹಿಡಿದರೆ ಹೊತ್ತು ಹೋಗುತ್ತದೆ. ಶರ್ಲಿನ್‌ಗೆ ಹೊಲಿಗೆಯೂ ಬೇಡ, ಟೀವಿಯೂ ಬೇಡ. ಮಗಳು ರಿಯೋನಾ ಓದುತ್ತಿದ್ದ ಶಾಲೆಯಲ್ಲಿ ಚರಿತ್ರೆ ಕಲಿಸಲು ಒಬ್ಬರು ಬೇಕಾಗಿದ್ದರು. ಎಂ.ಎ. ಮುಗಿಸಿದರೆ ಕೆಲಸ ಕೊಡುವುದಾಗಿ ಪ್ರಿನ್ಸಿಪಾಲರು ಹೇಳಿದ್ದೇ ತಡ, ಅವಳ ಕಾಲು ನೆಲದ ಮೇಲಿರಲಿಲ್ಲ. ಊರಿನ ಕಡೆಯ ಒಂದು ವಿಶ್ವವಿದ್ಯಾಲಯದ ಅಂಚೆ ಶಿಕ್ಷಣದಲ್ಲಿ ಆಗಲೇ ಕೊನೆಯ ವರ್ಷಕ್ಕೆ ಬಂದಿದ್ದಳು.

ಅದೇ ಎಂ.ಎ.ಗೆ ಕುವೈತ್‌ನಲ್ಲೇ ರಿಗ್ಗೈ ಎಂಬಲ್ಲಿದ್ದ ಜೆಸ್ಸಿಯೂ ಕಟ್ಟಿದ್ದಳು. ಇಬ್ಬರೂ ಊರಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳತಿಯರು. ದೂರದ ವಿದ್ಯಾರ್ಥಿಗಳಿಗೆ ಆ ಗ್ರಂಥಾಲಯ ಅಂಚೆಯಲ್ಲಿ ಪುಸ್ತಕ ಕಳಿಸುತ್ತಿತ್ತು, ಒಬ್ಬರಿಗೆ ಒಮ್ಮೆಗೆ ಎರಡೇ. ಬೇರೆ ಬೇರೆ ಪುಸ್ತಕ ತರಿಸಿ ಬದಲಾಯಿಸಿಕೊಂಡರೆ ನಾಲ್ಕೂ ಓದಬಹುದು ಎಂಬ ಉಪಾಯ ಶರ್ಲಿನ್‌ಳದ್ದೇ. ಶಾಲೆಯ ಕೆಲಸದ ಸುದ್ದಿಯನ್ನು ಜೆಸ್ಸಿಗೆ ಮೊದಲು ಹೇಳಿದವಳೂ ಅವಳೇ. ಹೊಟ್ಟೆಯಲ್ಲಿ ಮಾತು ನಿಲ್ಲದ ಹುಡುಗಿ.

ಇಲ್ಲಿ ಟಪಾಲು ಮನೆಬಾಗಿಲಿಗೆ ಬರುವುದಿಲ್ಲ. ಶರ್ಲಿನ್‌ಳ ಗಂಡ ಇವಾನನ ಕಂಪನಿಯ ಬಾಕ್ಸಿಗೆ ಬಿದ್ದದ್ದು ಕೈಗೆ ಸಿಗುವುದು ಯಾವ ಕಾಲಕ್ಕೋ. ಹಾಗಾಗಿ ಕುವೈತ್ ಪೇಟೆಯ ಮಿರ್ಕಾಬ್‌ನಲ್ಲಿ ಕೆಲಸಕ್ಕಿದ್ದ ಜೆಸ್ಸಿಯ ಗಂಡ ಜೆರೋಮನ ಆಫೀಸಿನ ಪೋಸ್ಟ್ ಬಾಕ್ಸೇ ಇಬ್ಬರಿಗೂ ವಿಳಾಸ. ಇಲ್ಲಿ ರಜೆಯ ದಿನವಾದ ಪ್ರತಿ ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಜೆಸ್ಸಿ ಮತ್ತು ಜೆರೋಮ್ ಮಂಗಫ್‌ಗೆ ಊಟಕ್ಕೆ ಬರುತ್ತಿದ್ದರು. ಶರ್ಲಿನ್‌ಳ ಅಮ್ಮನ ಕಾಗದ, ತಂಗಿಯ ಮದುವೆ ಫೋಟೋ, ಕ್ರಿಸ್ಮಸ್ ಕಾರ್ಡು, ಎಲ್ಲವೂ ಜೆಸ್ಸಿಯ ಬ್ಯಾಗಿನಿಂದ ಹೊರಬರುತ್ತಿದ್ದವು. ಪುಸ್ತಕ ಮಾತ್ರ ಇಲ್ಲ.

"ನಂಗೂ ಬರ್ಲಿಲ್ಲ ಮಾರಾಯ್ತಿ. ಗಲ್ಫ್‌ನಲ್ಲಿ ಕೂತವರನ್ನು ಅಲ್ಲಿ ಯಾರು ಕೇಳ್ತಾರೆ?" ಎನ್ನುತ್ತಿದ್ದಳು ಜೆಸ್ಸಿ, ಗಂಡಸರು ಹೊರಕೋಣೆಯಲ್ಲಿರುವಾಗ ಅಡಿಗೆಮನೆಯಲ್ಲಿ. ನಾನಿದ್ದರೆ ಅವರು ಕೊಂಕಣಿ ಬಿಟ್ಟು ಕನ್ನಡದಲ್ಲಿ ಬೈಯುತ್ತಿದ್ದರು, ನನಗೂ ಪಾಲು ಸಿಗಲಿ ಎಂದು. ಕಾಗದ ಬರುವ ಬಾಕ್ಸಿಗೆ ಪುಸ್ತಕ ಯಾಕೆ ಬರುವುದಿಲ್ಲ ಎಂದು ನಮ್ಮಿಬ್ಬರಲ್ಲಿ ಒಬ್ಬಳಾದರೂ ಕೇಳಬೇಕಿತ್ತು. ಗೆಳತಿಯನ್ನು ಹಾಗೆಲ್ಲ ಕೇಳುತ್ತಾರೆಯೇ?

ವಿಶ್ವವಿದ್ಯಾಲಯ ಕೊಟ್ಟಿದ್ದ ತೆಳ್ಳಗಿನ ಪಾಠಗಳನ್ನೇ ಶರ್ಲಿನ್ ಹಿಂಡಿ ಹಿಂಡಿ ಓದಿದಳು. ಮಾಡಿಕೊಂಡ ಟಿಪ್ಪಣಿಯನ್ನು ಇನ್ನೊಮ್ಮೆ ಬರೆದು ಜೆಸ್ಸಿಗೂ ಕೊಟ್ಟಳು. ಪಾಪ, ಅವಳಿಗೂ ಪುಸ್ತಕ ಇಲ್ಲವಲ್ಲ!

ಪರೀಕ್ಷೆ ಹತ್ತಿರ ಬಂತು. ಜೆಸ್ಸಿಗೆ ಹಾಲ್ ಟಿಕೆಟ್ ಬಂತು, ಶರ್ಲಿನ್‌ಗೆ ಬರಲಿಲ್ಲ. ನಮ್ಮ ಮನೆಯಿಂದಲೇ ಊರಿಗೆ ಫೋನ್ ಮಾಡಿದಳು. ಗ್ರಂಥಾಲಯದ ಎರಡು ಪುಸ್ತಕ ನಿಮ್ಮ ಹೆಸರಿನಲ್ಲಿ ಬಾಕಿಯಿವೆ, ಅವು ಮರಳಿ ತಲುಪದೆ ಪರೀಕ್ಷೆಗೆ ಕೂರಿಸುವಂತಿಲ್ಲ ಎಂದರು ಅಲ್ಲಿಯವರು. ಪಾರ್ಸೆಲ್‌ಗೆ ಕುವೈತ್‌ನಲ್ಲಿ ಸಹಿಯೂ ಬಿದ್ದಿದೆಯಂತೆ.

"ಜೆರೋಮನ ಆಫೀಸಲ್ಲಿ ಯಾರೋ ಕದ್ದಿದ್ದಾರೆ ಹಫೀಝಾ" ಎಂದು ನನ್ನ ಮುಂದೆ ಅತ್ತಳು. ಆಗಲೂ ಅವಳಿಗೆ ಜೆಸ್ಸಿಯ ಮೇಲೆ ಸಂಶಯ ಬರಲಿಲ್ಲ.

ಆ ಶುಕ್ರವಾರ ನಾನು ಅಕ್ಕಿರೊಟ್ಟಿಯಂಥ ನಮ್ಮ ಪತ್ತಿರಿ ಕೊಡಲು ಹೋದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಶರ್ಲಿನ್ ಜೆರೋಮನ ಹತ್ತಿರ ಕಳ್ಳತನದ ಸಂಗತಿ ಎತ್ತಿದಳು. ಅವನು ಅನ್ನ ಕಲಸುತ್ತಲೇ ಹೇಳಿದ:

"ಕದಿಯುದು ಎಂಥ? ನಾನೇ ಸೈನ್ ಮಾಡಿ ಮನೆಗೆ ಹೊತ್ತುಕೊಂಡು ಹೋದದ್ದಲ್ವಾ? ಶರ್ಲಿನ್ ಓದಿ ಆಯ್ತು, ಈಗ ನನ್ನ ಸರದಿ ಅಂತ ಜೆಸ್ಸಿ ಹೇಳಿದ್ಲಲ್ಲ?"

ಜೆಸ್ಸಿ ಮೀನಿನ ಮುಳ್ಳು ಬಿಡಿಸುತ್ತಾ ಕೂತಿದ್ದಳು. ಇವಾನ್ ಊಟ ಬಿಟ್ಟು ಎದ್ದ. ಜೆರೋಮನಿಗೆ ಆಗ ಅರ್ಥವಾಯಿತು, ಅವನ ಮುಖ ಸಣ್ಣದಾಯಿತು.

"ನಿಂಗೆ ಇವಾನನ ಸಂಬಳ ಸಾಕು" ಎಂದಳು ಜೆಸ್ಸಿ ಶರ್ಲಿನ್‌ಗೆ. "ಆ ಕೆಲಸ ನಂಗೆ ಬೇಕಿತ್ತು. ಓದಿದ್ರೆ ನೀನೇ ಮುಂದೆ ಬರ್ತಿ, ಯಾವಾಗ್ಲೂ ಹಾಗೇ ಅಲ್ವಾ?"

"ನೀನು ಕೇಳಿದ್ರೂ ನಾನು ಕೆಲಸ ಬಿಟ್ಟುಕೊಡ್ತಿರ್ಲಿಲ್ಲ ಜೆಸ್ಸಿ, ಸುಳ್ಳು ಯಾಕೆ ಹೇಳ್ಬೇಕು. ಆದ್ರೆ ಪುಸ್ತಕ ನಿನ್ನಿಂದ ಅಡಗಿಸಿಡ್ತಿರ್ಲಿಲ್ಲ" ಎಂದಳು ಶರ್ಲಿನ್. ನಾನು ಪತ್ತಿರಿಯ ಪಾತ್ರೆ ಹಿಡಿದುಕೊಂಡೇ ನಿಂತಿದ್ದೆ. ಜೆಸ್ಸಿಯ ಕೆನ್ನೆಗೆ ಎರಡು ಬಾರಿಸಬೇಕು ಎನಿಸಿತ್ತು, ಈಗಲೂ ಎನಿಸುತ್ತದೆ.

ಮರುದಿನವೇ ಜೆರೋಮ್ ಆ ಪುಸ್ತಕಗಳನ್ನು ಊರಿಗೆ ಕಳಿಸಿದ. ಅವು ಗ್ರಂಥಾಲಯ ಮುಟ್ಟುವಾಗ ಪರೀಕ್ಷೆ ಮುಗಿದಿತ್ತು. ಜೆಸ್ಸಿ ಒಳ್ಳೆಯ ಅಂಕ ತೆಗೆದು ಪಾಸಾದಳು, ಕೆಲಸವೂ ಅವಳದ್ದಾಯಿತು. ಮರುವರ್ಷ ಪರೀಕ್ಷೆ ಬರೆ ಎಂದು ನಾನು ಶರ್ಲಿನ್‌ಗೆ ಎಷ್ಟೋ ಸಲ ಹೇಳಿದೆ. ಆ ಪಾಠಗಳನ್ನು ಬಿಡಿಸಿದರೆ ಶುಕ್ರವಾರಗಳೇ ಕಣ್ಣಿಗೆ ಬರುತ್ತವೆ ಎಂದಳು. ಮತ್ತೆ ಬರೆಯಲಿಲ್ಲ.

ಹೊಸ ತರಗತಿ ಶುರುವಾದ ವಾರ ರಿಯೋನಾ ಶಾಲೆಯಿಂದ ಸೀದಾ ನಮ್ಮ ಮನೆಗೆ ಓಡಿಬಂದಳು. ಅವಳಮ್ಮ ನನ್ನೊಟ್ಟಿಗೆ ಬಟಾಣಿ ಸುಲಿಯುತ್ತಿದ್ದಳು. ನಿನ್ನ ಕ್ಲಾಸಿಗೆ ಚರಿತ್ರೆ ಕಲಿಸುವುದು ಯಾರು ಎಂದು ಬಾಯಿತಪ್ಪಿ ನಾನೇ ಕೇಳಿಬಿಟ್ಟೆ.

"ಜೆಸ್ಸಿ ಮಿಸ್! ಶೀ ಈಸ್ ದ ಬೆಸ್ಟ್, ಮಮ್ಮಾ" ಎಂದಿತು ಮಗು. "ಬುಕ್ ನೋಡೋದೇ ಇಲ್ಲ. ಎಲ್ಲಾ ಬೈಹಾರ್ಟ್!"

ಶರ್ಲಿನ್‌ಳ ಕೈ ಬಟಾಣಿಯಲ್ಲೇ ನಿಂತಿತು. ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಬೇಡ ಎಂಬಂತೆ ತಲೆಯಾಡಿಸಿ, ಮಗಳ ಬೆನ್ನಿನಿಂದ ಬ್ಯಾಗು ಇಳಿಸಿಕೊಂಡಳು.

"ಹೌದಾ ಮಗಾ? ಹಾಗಾದ್ರೆ ಮಿಸ್ ಹೇಳಿದ್ದನ್ನು ಸರಿಯಾಗಿ ಕೇಳು" ಎಂದಳು.