ಕೆಳಗಿನವರ ಪಾಳಿ

ಸಿಂಧನೂರು ದಾಟಿ ಮಸ್ಕಿ ರಸ್ತೆ ಹಿಡಿದರೆ ಬಲಕ್ಕೆ ಚನ್ನವೀರನ ಖಾನಾವಳಿ. ಅದರ ಅಂಗಳದಲ್ಲಿ ಕರೆಂಟ್ ಕಾರುಗಳಿಗೆ ಬೇಗ ಚಾರ್ಜ್ ತುಂಬುವ ಒಂದು ಮಷೀನು, ಮಷೀನಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಗದ್ದೆಪ್ಪ. ಯಾರಾದರೂ ಅವನನ್ನು ವಾಚ್‌ಮನ್ ಅಂದರೆ ಮೂಗಿನ ತುದಿಗೆ ಸಿಟ್ಟು ಬರುತ್ತದೆ. ‘ನಾ ಲಸ್ಕರ್ ಅದೀನಿ’ ಎನ್ನುತ್ತಾನೆ. ನಿವೃತ್ತನಾಗಿ ವರ್ಷಗಳೇ ಉರುಳಿವೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಕಾಲುವೆಯ ನೌಕರಿಯೂ ಹಾಗೆಯೇ ಅವನ ಮೈ ಬಿಟ್ಟು ಹೋಗಿಲ್ಲ.

ಕಾಲುವೆ ಕಾಣದ ಸೀಮೆಯವರಿಗೆ ಲಸ್ಕರ್ ಅಂದರೆ ಯಾರೆಂದು ಹೇಳಬೇಕು. ಕಾಲುವೆಯ ತೂಬು ತೆಗೆಯುವವ, ಮುಚ್ಚುವವ. ನೀರು ಬಿಟ್ಟಾಗ ಮೇಲಿನ ಹೊಲದವರು ಹೊಟ್ಟೆ ತುಂಬ ಕುಡಿದು, ಆಮೇಲೆ ಇನ್ನಷ್ಟು ಕುಡಿದು, ಟೇಲೆಂಡಿಗೆ, ಅಂದರೆ ಕೊನೆಯ ಹೊಲಕ್ಕೆ, ಮುಟ್ಟುವಷ್ಟರಲ್ಲಿ ಕಾಲುವೆಯಲ್ಲಿ ಕಪ್ಪೆ ಕೂಡ ಮುಳುಗುವುದಿಲ್ಲ. ಅದಕ್ಕೇ ಪಾಳಿ. ಕೆಳಗಿನವರ ಪಾಳಿ ಬಂದ ದಿನ ಮೇಲಿನ ತೂಬುಗಳಿಗೆಲ್ಲ ಸರಪಳಿ ಸುತ್ತಿ ಕೀಲಿ ಜಡಿಯುವುದು ಲಸ್ಕರನ ಕೆಲಸ. ಮೇಲಿನವರ ಬೈಗುಳ ತಿನ್ನುವುದೂ ಅವನದೇ ಕೆಲಸ.

ಆ ಬೈಗುಳಗಳಲ್ಲಿ ದೊಡ್ಡ ಪಾಲು ತುರ್ವಿಹಾಳದ ಕರಿಬಸಯ್ಯನದು. ಕಾಲುವೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆ, ಸಿಂಧನೂರಿನಲ್ಲಿ ಅಕ್ಕಿ ಗಿರಣಿ ಇದ್ದ ಕುಳ. ತೂಬಿಗೆ ಕೀಲಿ ಬಿದ್ದರೆ ಏರಿಯ ಮೇಲಿಂದ ಪೈಪು ಹಾಕಿ ನೀರು ಎಳೆಯುತ್ತಿದ್ದ. ಗದ್ದೆಪ್ಪ ಅದನ್ನು ಕಿತ್ತು ಎಸೆಯುತ್ತಿದ್ದ. ಹಾಗಿದ್ದರೂ ಸುಗ್ಗಿ ಮುಗಿದ ಮೇಲೆ ಕರಿಬಸಯ್ಯನ ಮನೆಯಿಂದ ಲಸ್ಕರನ ಮನೆಗೆ ಹೊಸ ಅಕ್ಕಿ ಬರುವುದು ಒಂದು ವರ್ಷವೂ ತಪ್ಪಲಿಲ್ಲ.

‘ನನ್ನ ಅಕ್ಕಿ ಉಂಡು ನನ್ನ ಪೈಪ ಕೀಳ್ತೀಯಲ್ಲಲೇ ಗದ್ದೆಪ್ಪ’ ಎಂದು ಕರಿಬಸಯ್ಯ ಸಂತೆಯಲ್ಲಿ ನಿಂತು ಕೇಳಿದ್ದುಂಟು.

‘ಅಕ್ಕಿ ಚೊಲೋ ಇತ್ರೀ ಅಯ್ಯನವ್ರ. ಪೈಪ್ ಚೊಲೋ ಇದ್ದಿಲ್ಲ’ ಎಂದಿದ್ದ ಗದ್ದೆಪ್ಪ.

ಜಗಳ ಆಡಿದರೆ ಇಂಥವರು ಆಡಬೇಕು.

ಇಂಥ ಮನುಷ್ಯನನ್ನು ಚನ್ನವೀರ ಚಾರ್ಜಿಂಗ್ ಮಷೀನಿನ ಹತ್ತಿರ ಕೂರಿಸಿದ. ಮಷೀನಿಗೆ ಎರಡು ದಪ್ಪ ವೈರು, ತುದಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ಇರುವಂಥ ಗನ್ನು. ಒಂದು ಹೊಸ ನಮೂನೆಯದು, ಈಗಿನ ಕಾರುಗಳಿಗೆಲ್ಲ ಅದೇ ಕೂಡುತ್ತದೆ. ಇನ್ನೊಂದು ಹಳೆಯದು. ಕಾರು ಕಂಪನಿಯವರೆಲ್ಲ ಒಂದೇ ನಮೂನೆಗೆ ಬರುವ ಮೊದಲು ರಸ್ತೆಗೆ ಇಳಿದ ಕಾರುಗಳದು. ಇದರ ಮೂತಿ ಅದಕ್ಕೆ ಹತ್ತದು, ಅದರ ಮೂತಿ ಇದಕ್ಕೆ ಹತ್ತದು. ಜೊತೆಗೆ ಇನ್ನೊಂದು ತೊಡಕು: ಎರಡು ಗನ್ನಿದ್ದರೂ ಕರೆಂಟು ಒಂದು ಹೊತ್ತಿಗೆ ಒಂದರಲ್ಲೇ ಹರಿಯುತ್ತದೆ. ಇಂಜಿನಿಯರು ಬಂದು ಇದನ್ನು ವಿವರಿಸಿದಾಗ ಗದ್ದೆಪ್ಪ ತಲೆ ಅಲ್ಲಾಡಿಸಿ, ‘ಕಾಲುವಿ ಒಂದು, ತೂಬು ಎರಡು. ಗೊತ್ತಾತು ಬಿಡ್ರಿ’ ಎಂದ. ಇಂಜಿನಿಯರಿಗೆ ಏನೂ ಗೊತ್ತಾಗಲಿಲ್ಲ.

ಹಳೆಯ ಗನ್ನಿಗೆ ಇದ್ದ ಗಿರಾಕಿ ಒಬ್ಬಳೇ, ಲಿಂಗಸುಗೂರಿನ ರಾಜಾಬೀ. ಯಾವುದೋ ಆಫೀಸಿನವರು ಓಡಿಸಿ ದಣಿಸಿ ಮಾರಿದ ಬಿಳಿ ಕಾರನ್ನು ಕೊಂಡು, ತಾನೇ ಓಡಿಸಲು ಕಲಿತು, ಸಿಂಧನೂರಿನಾಚೆಯ ಜವಳಗೇರಾದ ಶಾಲೆಗೆ ಹೋಗುವ ನಾಲ್ವರು ಶಿಕ್ಷಕಿಯರನ್ನು ದಿನಾ ಕರೆದೊಯ್ದು ಕರೆತರುತ್ತಾಳೆ. ಮನೆ ನಡೆಯುವುದು ಅದರಲ್ಲೇ. ರಾತ್ರಿ ಮನೆಯಲ್ಲಿ ನಿಧಾನಕ್ಕೆ ತುಂಬಿದ ಚಾರ್ಜು ಹೋಗುವ ದಾರಿಗೆ ಸಾಕು. ಮರಳಿ ಬರಬೇಕೆಂದರೆ ಮಧ್ಯಾಹ್ನ ಸಿಂಧನೂರಿಗೆ ಬಂದು ತುಂಬಿಸಿಕೊಳ್ಳಲೇಬೇಕು. ಮಸ್ಕಿಯಲ್ಲಿ ಮಷೀನು ಇದೆ, ಲಿಂಗಸುಗೂರಿನಲ್ಲೂ ಇದೆ, ಆದರೆ ಅಲ್ಲಿರುವುದೆಲ್ಲ ಹೊಸ ಗನ್ನು. ಚನ್ನವೀರನ ಅಂಗಳದ ಈ ಹಳೆಯ ಗನ್ನು ಬಿಟ್ಟರೆ ಅವಳ ಕಾರಿಗೆ ಬೇರೆ ಗತಿ ಇಲ್ಲ.

‘ಬಾ ಬೇ ರಾಜಾಬೀ, ಟೇಲೆಂಡಿನಾಕಿ’ ಎಂದು ಗದ್ದೆಪ್ಪ ಕರೆಯುತ್ತಿದ್ದ. ಅವಳು ನಗುತ್ತ, ‘ಇವತ್ತ ನೀರು ಐತೇನು ಕಾಕಾ?’ ಎಂದು ಕೇಳುತ್ತಿದ್ದಳು. ಗದ್ದೆಪ್ಪನಿಗೆ ಹೆಣ್ಣುಮಕ್ಕಳಿಲ್ಲ. ಅವಳ ಡಬ್ಬಿಯಿಂದ ಬರುವ ಖೀಮಾ ಸಮೋಸಾದ ಮೇಲಷ್ಟೇ ಅವನಿಗೆ ಪ್ರೀತಿ ಎಂದು ಹೆಂಡತಿ ಯಮನಮ್ಮ ಛೇಡಿಸುತ್ತಿದ್ದಳು. ಅದೊಂದೇ ಅಲ್ಲವೆಂದು ಅವಳಿಗೂ ಗೊತ್ತಿತ್ತು.

ಮೊದಮೊದಲು ಮಷೀನಿಗೆ ಗದ್ದಲವಿರಲಿಲ್ಲ. ಒಂದೊಂದು ಕಂಪನಿಗೆ ಒಂದೊಂದು ಆ್ಯಪು, ಒಬ್ಬರ ಮಷೀನು ಇನ್ನೊಬ್ಬರ ಆ್ಯಪಿನಲ್ಲಿ ಕಾಣುತ್ತಿರಲಿಲ್ಲ. ಆಮೇಲೆ ಕಂಪನಿಗಳು ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಂಡವು. ಯಾವ ಆ್ಯಪು ತೆಗೆದರೂ ಎಲ್ಲರ ಮಷೀನೂ ಕಾಣತೊಡಗಿತು. ಊರಿಗೆಲ್ಲ ಉಪಕಾರವಾದದ್ದು ನಿಜ. ಗಂಗಾವತಿಯವರು, ಬಳ್ಳಾರಿಯವರು, ರಾಯಚೂರಿನವರು ಚನ್ನವೀರನ ಅಂಗಳ ಹುಡುಕಿಕೊಂಡು ಬಂದು ಕಾರು ನಿಲ್ಲಿಸಿ, ರೊಟ್ಟಿ ಉಂಡು, ಚಾರ್ಜು ತುಂಬಿಸಿಕೊಂಡು ಹೋದರು. ಹೊಸ ಗನ್ನು ಗೂಟಕ್ಕೆ ಮರಳಿದ ಕೂಡಲೇ ಇನ್ನೊಂದು ಕಾರಿಗೆ ಚುಚ್ಚಿಕೊಳ್ಳುತ್ತಿತ್ತು. ರಾಜಾಬೀ ಬಂದು ಕಾಯುತ್ತ ಕೂರುವಂತಾಯಿತು.

ಗದ್ದೆಪ್ಪ ಎರಡು ದಿನ ನೋಡಿದ. ಮೂರನೆಯ ದಿನ ಮನೆಯ ಅಟ್ಟದಿಂದ ಕಾಲುವೆಯ ಕಾಲದ ಸರಪಳಿ ಕೆಳಗಿಳಿಸಿದ. ಮಧ್ಯಾಹ್ನ ರಾಜಾಬೀ ಬರುವ ಹೊತ್ತಿಗೆ ಮುಂಚೆ ಹೊಸ ಗನ್ನಿಗೆ ಅದನ್ನು ಸುತ್ತಿ ಕೀಲಿ ಹಾಕಿ, ಕೀಲಿಕೈ ಉಡಿದಾರಕ್ಕೆ ಕಟ್ಟಿಕೊಂಡ. ಕೇಳಿದವರಿಗೆ, ‘ಈಗ ಕೆಳಗಿನವ್ರ ಪಾಳಿ’ ಎಂದ. ಕರೆಂಟಿಗೆ ಎಂಥ ಪಾಳಿ ಎಂದು ಅವರು ಬೈದರು. ಬೈಸಿಕೊಳ್ಳುವುದು ಅವನಿಗೆ ಹೊಸದೇ? ಬಹಳ ದಿನಗಳ ಮೇಲೆ ಅವನಿಗೆ ಮೈಯಲ್ಲಿ ಹುರುಪು ಬಂದಿತ್ತು.

ಆದರೆ ಎಡವಟ್ಟಾಯಿತು. ಲಿಂಗಸುಗೂರಿನ ಬೀಗರ ಮನೆಯಿಂದ ಹೊರಟ ಕರಿಬಸಯ್ಯ ಹೆಂಡತಿಯ ಕಣ್ಣು ತೋರಿಸಲು ರಾಯಚೂರಿಗೆ ಹೋಗುತ್ತಿದ್ದ. ಅವನೂ ಈಗ ಕರೆಂಟ್ ಕಾರಿನ ಧಣಿ. ಮೊಬೈಲಿನಲ್ಲಿ ಗನ್ನು ಖಾಲಿ ಎಂದು ತೋರಿಸಿತ್ತು. ಅದನ್ನೇ ನಂಬಿ ಮಸ್ಕಿಯಲ್ಲಿ ತುಂಬಿಸಿಕೊಳ್ಳದೆ ಬಂದು ನೋಡಿದರೆ ಸರಪಳಿ.

‘ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅನ್ನಂಗಾತಲ್ಲಲೇ ಇದು. ಇಲ್ಲೂ ಬಂದು ಕುಂತೀಯೇನು ನೀ?’

‘ಪಾಳಿ ಐತ್ರೀ ಅಯ್ಯನವ್ರ.’

ಎಷ್ಟು ಹೇಳಿದರೂ ರಾಜಾಬೀಯ ಕಾರು ತುಂಬುವವರೆಗೆ ಗದ್ದೆಪ್ಪ ಕೀಲಿಕೈ ಬಿಚ್ಚಲಿಲ್ಲ. ಡಾಕ್ಟರು ಎದ್ದು ಹೋದ ಮೇಲೆ ಇವರು ರಾಯಚೂರು ಮುಟ್ಟಿದರು. ಇದರಲ್ಲಿ ತಪ್ಪು ಗದ್ದೆಪ್ಪನದೇ, ಅವನ ಮೇಲೆ ಎಷ್ಟು ಅಕ್ಕರೆಯಿದ್ದರೂ ಅದನ್ನು ಮುಚ್ಚಿಡಲಾಗದು. ಕರಿಬಸಯ್ಯ ಮಷೀನಿನ ಕಂಪನಿಗೆ ದೂರು ಕೊಟ್ಟ. ಕಂಪನಿಯವರು ಚನ್ನವೀರನ ಬೆವರಿಳಿಸಿದರು. ಚನ್ನವೀರ ಬಂದು ಸರಪಳಿ ಇಸಿದುಕೊಂಡ.

‘ಮಾಮಾ, ಇನ್ನ ಮ್ಯಾಲೆ ಗನ್ನು ಮುಟ್ಟಬ್ಯಾಡ. ಯಾರಿಗೂ ಬಿಡ್ರಿ ಅನಬ್ಯಾಡ, ನಿಲ್ರಿ ಅನಬ್ಯಾಡ. ಮೊದಲು ಬಂದವ್ರು ಮೊದಲು. ಇನ್ನೊಂದು ದೂರು ಬಂತಂದ್ರ ಹಳೀ ಗನ್ನು ಕಿತ್ತು ಒಯ್ತಾರಂತ. ನಿನ್ನೂ ಕಳಸಂತಾರ.’

‘ಹಳೀ ಗನ್ನು ಯಾಕ ಕೀಳ್ತಾರ? ಅದೇನು ಮಾಡೈತಿ?’

‘ಒಬ್ಬಾಕಿ ಸಲುವಾಗಿ ಯಾಕ ಇಡಬೇಕು ಅಂತಾರ.’

ಗದ್ದೆಪ್ಪ ಬಾಯಿಗೆ ಬೀಗ ಹಾಕಿಕೊಂಡ. ರಾಜಾಬೀಗೆ ಒಂದು ದಿನ ಗನ್ನು ಸಿಕ್ಕರೆ ಇನ್ನೊಂದು ದಿನ ಸಿಗಲಿಲ್ಲ. ಒಂದು ದಿನವಂತೂ ಶಾಲೆ ಬಿಟ್ಟು ಎಷ್ಟೋ ಹೊತ್ತಿನವರೆಗೆ ಶಿಕ್ಷಕಿಯರು ಜವಳಗೇರಾದ ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಇದ್ದರು. ಅವರಿಗೂ ಮನೆಯಲ್ಲಿ ಮಕ್ಕಳು. ಇನ್ನೊಮ್ಮೆ ಹೀಗಾದರೆ ಬಸ್ಸಿಗೇ ಹೋಗುತ್ತೇವೆ, ಬೇಜಾರು ಮಾಡಿಕೊಳ್ಳಬೇಡ ಎಂದರು. ಅವಳು ಮರುದಿನ ಇದನ್ನು ಗದ್ದೆಪ್ಪನಿಗೆ ನಗುನಗುತ್ತಲೇ ಹೇಳಿದಳು. ಆ ರಾತ್ರಿ ಅವನು ತಾಟಿನ ಮುಂದೆ ಸುಮ್ಮನೆ ಕುಳಿತ.

‘ಯಾಕ, ಉಣವಲ್ಲಿ?’ ಎಂದಳು ಯಮನಮ್ಮ.

‘ಕೀಲಿ ಇಲ್ದ ಲಸ್ಕರ್ ಎದಕ್ಕ ಬಂದಾನ.’

‘ಕೀಲಿ ಇದ್ದಾಗರ ಎಷ್ಟು ನೀರು ಮುಟ್ಟಿಸಿದ್ದಿ? ಉಣ್ಣು’ ಎಂದು ಅವಳು ಇನ್ನೊಂದು ರೊಟ್ಟಿ ಹಾಕಿದಳು. ಗದರಿದಳೇ ಹೊರತು, ಅವನು ಉಂಡು ಏಳುವವರೆಗೆ ತಾನು ತುತ್ತು ಮುಟ್ಟಲಿಲ್ಲ.

ಎರಡು ದಿನ ಕಳೆದು ಮಧ್ಯಾಹ್ನ ರಾಜಾಬೀ ಬಂದಾಗ ಹೊಸ ಗನ್ನು ಕರಿಬಸಯ್ಯನ ಕಾರಿನಲ್ಲಿತ್ತು. ಅವನು ಖಾನಾವಳಿಯ ಪಡಸಾಲೆಯಲ್ಲಿ ಉಣ್ಣುತ್ತಿದ್ದ. ರಾಜಾಬೀ ಕಾರನ್ನು ನೆರಳಿಗೆ ಹಚ್ಚಿ, ಮೊಬೈಲು ನೋಡಿ, ಆಮೇಲೆ ಅದನ್ನು ಬೋರಲು ಇಟ್ಟಳು. ಇವತ್ತು ತಡವಾದರೆ ನಾಳೆಯಿಂದ ಕಾರು ಅವಳ ಮನೆಯ ಮುಂದೆಯೇ ನಿಲ್ಲುತ್ತದೆ. ಗದ್ದೆಪ್ಪ ಕೈ ಎರಡನ್ನೂ ತೊಡೆಗಳ ನಡುವೆ ಸಿಗಿಸಿಕೊಂಡು ನೆಲ ನೋಡುತ್ತ ಕುಳಿತ.

ಕರಿಬಸಯ್ಯ ಮಜ್ಜಿಗೆ ಕುಡಿದು ಹೊರಗೆ ಬಂದ. ರಾಜಾಬೀಯನ್ನು ನೋಡಿದ, ಗದ್ದೆಪ್ಪನನ್ನು ನೋಡಿದ. ಅವನು ಜಗಳಕ್ಕೆ ತಯಾರಾಗಿಯೇ ಬಂದಿದ್ದ. ಕಾರಿಗೆ ಒಂದು ಸುತ್ತು ಹಾಕಿದ, ಕೆಮ್ಮಿದ.

‘ಯಾಕಲೇ, ಇವತ್ತ ಪಾಳಿ ಇಲ್ಲೇನು?’

‘ಇಲ್ರಿ.’

‘ಆಕಿ ನಿಂತಾಳಲ್ಲ.’

‘ನಿಂತಾಳ್ರಿ.’

‘ಮತ್ತ ಬಿಡ್ರಿ ಅಂತ ಕೇಳವಲ್ಲಿ?’

‘ಕೇಳಬ್ಯಾಡ ಅಂದಾರ್ರೀ ಅಯ್ಯನವ್ರ.’

ಕರಿಬಸಯ್ಯ ಸ್ವಲ್ಪ ಹೊತ್ತು ಹಲ್ಲು ಚುಚ್ಚುತ್ತ ನಿಂತ. ಗದ್ದೆಪ್ಪ ತಲೆಯೆತ್ತಲಿಲ್ಲ. ಮಷೀನು ಗುಂಯ್ ಎನ್ನುತ್ತಿತ್ತು. ಆಮೇಲೆ ಗುಂಯ್ ನಿಂತಿತು. ಗದ್ದೆಪ್ಪ ತಿರುಗಿ ನೋಡಿದರೆ ಕರಿಬಸಯ್ಯ ತನ್ನ ಕೈಯಾರೆ ಗನ್ನು ಕಿತ್ತು ಗೂಟಕ್ಕೆ ಸಿಗಿಸುತ್ತಿದ್ದ. ಇನ್ನೂ ಅರ್ಧವೂ ತುಂಬಿರಲಿಲ್ಲ. ಮೇಲಿನ ಹೊಲದವನು ತನ್ನ ತೂಬು ತಾನೇ ಮುಚ್ಚಿದ್ದನ್ನು ಗದ್ದೆಪ್ಪ ತನ್ನ ಇಡೀ ನೌಕರಿಯಲ್ಲಿ ಒಮ್ಮೆಯೂ ಕಂಡಿರಲಿಲ್ಲ.

‘ಹಚ್ಚು ತಂಗಿ, ಹಚ್ಚು’ ಎಂದ ಕರಿಬಸಯ್ಯ, ರಾಜಾಬೀಯ ಕಡೆ ನೋಡದೆ. ಖಾನಾವಳಿಯಿಂದ ಇನ್ನೊಂದು ಕುರ್ಚಿ ಎಳೆದುಕೊಂಡು ಬಂದು ಗದ್ದೆಪ್ಪನ ಪಕ್ಕ ಕುಳಿತ. ಉಳಿದದ್ದು ತುಂಬಲು ಅವನೀಗ ಅವಳ ಕಾರು ಮುಗಿಯುವವರೆಗೆ ಕಾಯಬೇಕಿತ್ತು.

‘ಕಾಲುವಿ ಮ್ಯಾಗ ಅಷ್ಟು ವರ್ಷ ಇದ್ದಿ. ಒಂದು ಸಲರ ಕೇಳಿದ್ದಿಯೇನು ನನ್ನ? ಬರೇ ಕೀಲಿ ಹಾಕ್ಕೋತ ಬಂದಿ.’

ಗದ್ದೆಪ್ಪ ಯೋಚಿಸಿದ. ಕೇಳಿದ್ದು ನೆನಪಾಗಲಿಲ್ಲ. ‘ಕೇಳಿದ್ರ ಬಿಡ್ತಿದ್ರೇನ್ರೀ?’

ಕರಿಬಸಯ್ಯನೂ ಯೋಚಿಸಿದ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ‘ಇಲ್ಲ ಬಿಡು. ಇವತ್ತ ಕೇಳಿದ್ರೂ ಬಿಡತಿದ್ದಿಲ್ಲ. ನೀ ಕೀಲಿ ಹಾಕ್ದಾಗ ಸಿಟ್ಟು ಬರ್ತಿತ್ತು. ಇವತ್ತ ಸಿಟ್ಟು ಮಾಡಾಕ ಏನರ ಇಟ್ಟಿದ್ದಿಯೇನು ನೀ?’

ಅಷ್ಟರಲ್ಲಿ ಬಳ್ಳಾರಿ ಕಡೆಯ ಕಾರೊಂದು ಬಂದು ನಿಂತಿತು. ಕೂಲಿಂಗ್ ಗ್ಲಾಸಿನ ಯುವಕ ಇಳಿದು ಮೊಬೈಲು ತೋರಿಸುತ್ತ, ‘ಆ ಹಳೇ ಗಾಡಿ ತೆಗೆಸಿ, ನನಗೆ ಅರ್ಜೆಂಟ್ ಇದೆ’ ಎಂದ. ಗದ್ದೆಪ್ಪ ಬಾಯಿ ತೆರೆದವನು ಚನ್ನವೀರನ ಮಾತು ನೆನೆದು ಮುಚ್ಚಿದ.

‘ಈಗ ಕೆಳಗಿನವ್ರ ಪಾಳಿ ಐತಿ’ ಎಂದ ಕರಿಬಸಯ್ಯ. ‘ಒಳಗ ಹೋಗಿ ಊಟ ಮಾಡ್ರಿ. ಆಕಿದು ಮುಗೀತಂದ್ರ ನಂದು, ಆಮ್ಯಾಲೆ ನಿಮ್ದು.’

‘ಹೇಳೋಕೆ ನೀವ್ಯಾರು?’ ಎಂದ ಯುವಕ. ಆಮೇಲೆ ಗದ್ದೆಪ್ಪನ ಕಡೆ ತಿರುಗಿದ. ‘ಇಲ್ಲಿ ನೋಡಿಕೊಳ್ಳುವವರು ಇವರಾ?’

ಗದ್ದೆಪ್ಪ ಟವೆಲಿನಿಂದ ಮುಖ ಒರೆಸಿಕೊಂಡ, ಕಣ್ಣನ್ನೂ ಸೇರಿಸಿ.

‘ಹೌದ್ರೀ’ ಎಂದ. ‘ಇವ್ರೂ ಲಸ್ಕರ್ ಅದಾರ.’