ಕಿರುಚುವ ಗಾಡಿ ಮಾಡಿದ ಸ್ನೇಹ

ನಮ್ಮ ಬೀದಿಯಲ್ಲಿ ಸ್ನೇಹಳಷ್ಟು ಬುದ್ಧಿವಂತೆಯೂ ಇಲ್ಲ, ಅವಳಷ್ಟು ಮೊಂಡಿಯೂ ಇಲ್ಲ. ಇದನ್ನು ನಾನು ಅವಳ ಮುಖಕ್ಕೇ ಹೇಳಿದ್ದೇನೆ, ಆದ್ದರಿಂದ ಇಲ್ಲಿ ಬರೆಯಲು ನನಗೇನೂ ಭಯವಿಲ್ಲ. ಅವರ ಎದುರು ಮನೆಯೇ ನನ್ನದು. ಅವರು ಸೀರೆ ನೇಯುವವರು, ನಾನು ರವಿಕೆ ಹೊಲಿಯುವವಳು. ನಡುವೆ ಒಂದು ಚರಂಡಿ, ಒಂದು ಹೊಂಗೆಮರ, ಮತ್ತೆ ಬೆಳಗಿನಿಂದ ಸಂಜೆಯವರೆಗೂ ನಾಲ್ಕು ಪವರ್‌ಲೂಮ್ ಮಗ್ಗಗಳ ಸದ್ದು. ದೊಡ್ಡಬಳ್ಳಾಪುರದಲ್ಲಿ ಅದು ಯಾರಿಗೂ ಸದ್ದು ಅನಿಸುವುದಿಲ್ಲ. ಕರೆಂಟು ಹೋಗಿ ಮಗ್ಗ ನಿಂತರೆ ಮಾತ್ರ ತೊಟ್ಟಿಲಲ್ಲಿದ್ದ ಮಕ್ಕಳು ಬೆಚ್ಚಿ ಎದ್ದು ಅಳುತ್ತವೆ.

ಸ್ನೇಹಳ ತಂದೆ ಕೋದಂಡರಾಮಯ್ಯ, ತಾಯಿ ಅಂಜನಮ್ಮ. ಮದುವೆಯಾದಾಗಿನಿಂದ ಇಬ್ಬರದೂ ಆ ಸದ್ದಿನೊಳಗೇ ಸಂಸಾರ. ಮಗ್ಗದ ಮನೆಯಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳದು. ತುಟಿ ನೋಡಬೇಕು, ಕೈಸನ್ನೆ ನೋಡಬೇಕು, ಅಷ್ಟೇ. ಹೀಗೆ ನೋಡಿ ನೋಡಿಯೇ ಮಾತು ನಡೆಯುತ್ತಿದ್ದುದರಿಂದ ಅಂಜನಮ್ಮನ ಕಿವಿ ಯಾವಾಗ ಕೈಕೊಟ್ಟಿತೆಂದು ಮನೆಯವರಿಗೇ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಮುಕ್ಕಾಲು ಪಾಲು ಹೋಗಿತ್ತು. ಕಿವಿಗೆ ಮಿಷನ್ ತಂದರು. ಅದನ್ನು ಹಾಕಿಕೊಂಡರೆ ಮಗ್ಗದ ಸದ್ದೇ ತಲೆಯೊಳಗೆ ಬಂದು ಕೂರುತ್ತದೆ ಎಂದು ಆಕೆ ತೆಗೆದು ಅರಿಶಿನದ ಡಬ್ಬಿಯ ಪಕ್ಕ ಇಟ್ಟುಬಿಟ್ಟರು.

ಕಿವಿ ಹೋದದ್ದಕ್ಕೆ ಅಂಜನಮ್ಮ ಅಷ್ಟಾಗಿ ಕೊರಗಲಿಲ್ಲ. ಕೊರಗಿದ್ದು ಅಂಗಡಿ ತಪ್ಪಿಹೋದದ್ದಕ್ಕೆ. ಸಾಮಾನು ತರುವುದೆಂದರೆ ಆಕೆಗೆ ಮೊದಲಿನಿಂದಲೂ ಬಲು ಇಷ್ಟ. ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ಒಂದು ಸಾಸಿವೆ ಪೊಟ್ಟಣಕ್ಕೆ ಅರ್ಧ ಗಂಟೆ, ನನಗೋ ಇಲ್ಲಿ ಹೊಲಿಗೆ ಬಿದ್ದಿರುತ್ತಿತ್ತು! ಆಮೇಲೆ ಮಧುರೆ ಹೋಬಳಿ ಕಡೆಯ ಒಕ್ಕಲು ಮನೆತನದ ಮನೋಹರ್ ಎಂಬಾತ ಮೇನ್‌ರೋಡಿನಲ್ಲಿ ತನ್ನ ಅಜ್ಜನ ಹೆಸರಿಟ್ಟು ‘ಪಿಳ್ಳಪ್ಪ ಮಾರ್ಟ್’ ತೆರೆದ. ಎರಡು ಅಂತಸ್ತು, ತಣ್ಣನೆ ಗಾಳಿ, ತಳ್ಳುವ ಗಾಡಿ, ಎಲ್ಲ ಇತ್ತು. ಬಿಲ್ ಮಾಡುವ ಹುಡುಗಿ ಮಾತ್ರ ತಲೆ ತಗ್ಗಿಸಿಕೊಂಡು ಮಾತಾಡುವವಳು. ತುಟಿ ಕಾಣದಿದ್ದರೆ ಅಂಜನಮ್ಮನಿಗೆ ಏನೂ ಕೇಳದು. ಆಕೆ ಅಂದಾಜಿನ ಮೇಲೆ ‘ಹೂಂ, ಹೂಂ’ ಅನ್ನುತ್ತಿದ್ದರು. ಒಂದು ದಿನ ಅವಳು ಫೋನ್ ನಂಬರ್ ಕೇಳಿದ್ದಕ್ಕೂ ‘ಹೂಂ’ ಅಂದರು. ಹಿಂದಿನ ಸಾಲಿನಲ್ಲಿ ಯಾರೋ, “ಅಜ್ಜಿ, ಕಿವಿ ಮನೇಲೇ ಬಿಟ್ಬಂದ್ರಾ?” ಎಂದರು. ನಗು ಕೇಳದಿದ್ದರೂ ನಗುವ ಮುಖಗಳು ಕಾಣುತ್ತವಲ್ಲ. ಅಂದು ಮನೆಗೆ ಬಂದವರು ಮಗಳಿಗೆ, “ಇನ್ಮೇಲೆ ನೀನೇ ತಂದ್ಬಿಡು” ಎಂದರು. ಅದಾದ ಮೇಲೆ ವರ್ಷಗಟ್ಟಲೆ ಅವರು ಹೊಂಗೆಮರ ದಾಟಿ ಹೋದದ್ದನ್ನೇ ನಾನು ನೋಡಲಿಲ್ಲ.

ಸ್ನೇಹಳಿಗೆ ಆ ಮಾತು ಮುಳ್ಳಾಗಿ ಕೂತಿತು. ಅವಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ದಾಬಸ್‌ಪೇಟೆಯ ಗೋದಾಮೊಂದರಲ್ಲಿ ಸ್ಕ್ಯಾನರು, ತೂಕದ ಯಂತ್ರಗಳನ್ನು ರಿಪೇರಿ ಮಾಡುವ ಕೆಲಸದಲ್ಲಿದ್ದಳು. ಬಿಲ್ಲಿನ ಹುಡುಗಿಯ ಕೆಲಸವನ್ನು ಗಾಡಿಯೇ ಮಾಡಿದರೆ ಅಮ್ಮ ಯಾರ ಹತ್ತಿರವೂ ಬಾಯಿಬಿಡಬೇಕಾಗಿಲ್ಲ ಎಂದು ಅವಳಿಗೆ ಹೊಳೆಯಿತು. ಸಾಮಾನನ್ನು ಗಾಡಿಯ ಸ್ಕ್ಯಾನರ್ ಕಣ್ಣಿಗೆ ತೋರಿಸುವುದು, ಒಳಗೆ ಹಾಕುವುದು. ದಪ್ಪ ಕನ್ನಡ ಅಕ್ಷರದಲ್ಲಿ ಹೆಸರೂ ಬೆಲೆಯೂ ಪರದೆಯ ಮೇಲೆ ಬರುತ್ತವೆ. ಕೊನೆಯಲ್ಲಿ ಫೋನಿನಿಂದ ಹಣ ಕಟ್ಟಿ ಹೊರಡುವುದು. ಮೋಸ ಆಗದ ಹಾಗೆ ಗಾಡಿಯ ತಳದಲ್ಲಿ ಒಂದು ತಕ್ಕಡಿ. ಬಿಲ್ಲಿಗೂ ತೂಕಕ್ಕೂ ತಾಳೆಯಾಗದಿದ್ದರೆ ಗಾಡಿಗೆ ಗೊತ್ತಾಗುತ್ತದೆ.

ಮನೋಹರನ ಹತ್ತಿರ ಹೋಗಿ ಕೇಳಿದಳು. ಇಂಥ ಗಾಡಿಯನ್ನು ಆತ ಬೆಂಗಳೂರಿನ ಮಾಲ್ ಒಂದರಲ್ಲಿ ನೋಡಿ ಬಾಯಲ್ಲಿ ನೀರೂರಿಸಿಕೊಂಡು ಬಂದಿದ್ದನಂತೆ. “ಮಾಡಮ್ಮಾ, ಹಳೇ ಗಾಡಿ ಒಂದು ತಗೊಂಡ್ಹೋಗು. ಚೆನ್ನಾಗಾದ್ರೆ ಇನ್ನೂ ಮಾಡ್ಸೋಣ” ಎಂದ.

ಆಮೇಲೆ ನಮ್ಮ ಬೀದಿಗೆ ನೆಮ್ಮದಿ ಇಲ್ಲ. ಭಾನುವಾರ ಬಂದರೆ ಸಾಕು, ಸ್ನೇಹ ಮಗ್ಗಗಳ ನಡುವೆ ಗಾಡಿಯನ್ನು ಮಗುಚಿಹಾಕಿಕೊಂಡು ಕೂರುತ್ತಿದ್ದಳು. ನನ್ನ ಮನೆಯ ಬೇಳೆ ಡಬ್ಬಿ, ಎಣ್ಣೆ ಬಾಟಲಿ ಎಲ್ಲ ತೂಕಕ್ಕೆಂದು ಅಲ್ಲಿಗೆ ಹೋದವು. ತಪ್ಪಾದರೆ ಗಾಡಿ ಏನು ಮಾಡಬೇಕು ಎಂದು ಅವಳು ಯೋಚಿಸಲೇ ಇಲ್ಲ, ಅದು ಅವಳಿಗೆ ಹುಟ್ಟಿನಿಂದ ಗೊತ್ತಿತ್ತು. ಮಗ್ಗದಲ್ಲಿ ಒಂದು ಎಳೆ ಕಡಿದರೆ ಮಗ್ಗ ತಾನಾಗಿ ನಿಲ್ಲುತ್ತದೆ. ನಿಲ್ಲದೆ ಓಡಿದರೆ ಸೀರೆ ಹಾಳು. ಹಾಗೆಯೇ ಗಾಡಿಯ ಚಕ್ರಗಳೂ ಕಚ್ಚಿಕೊಂಡು ನಿಲ್ಲಬೇಕು, ಜೊತೆಗೆ ಒಂದು ಗಂಟೆ ಹೊಡೆಯಬೇಕು.

ಗಂಟೆ ಇಟ್ಟಳು. ನಾಲ್ಕೂ ಮಗ್ಗ ಓಡುತ್ತಿದ್ದವು. ಕೋದಂಡರಾಮಯ್ಯನವರು ಕಿವಿ ಹತ್ತಿರ ತಂದು, “ಏನೂ ಕೇಳ್ತಾನೇ ಇಲ್ವಲ್ಲೇ, ಇನ್ನೊಂಚೂರು ಜೋರು ಮಾಡು” ಎಂದರು. ಮಾಡಿದಳು. “ಇನ್ನೂ” ಎಂದರು. ಇನ್ನೂ ಮಾಡಿದಳು. ಕೊನೆಗೆ ಮಗ್ಗದ ಸದ್ದನ್ನು ಸೀಳಿಕೊಂಡು ಸಣ್ಣಗೆ ಕೇಳಿಸಿದಾಗ ತಂದೆ ಮಗಳು ಇಬ್ಬರೂ ತಲೆಯಾಡಿಸಿದರು. ನಾನೂ ಅಲ್ಲೇ ನಿಂತಿದ್ದೆ, ಸರಿಯಾಗಿದೆ ಅಂದುಕೊಂಡೆ. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಹುಟ್ಟಿದವರಲ್ಲದೆ ಬೇರೆ ಯಾರೂ ಇಂಥ ಕೆಲಸ ಮಾಡಲಾರರು.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗಾಡಿಯನ್ನು ಮಾರ್ಟಿಗೆ ಇಳಿಸಿದರು. ಸ್ನೇಹ ತಾಯಿಯನ್ನು ಬೇಡಿ, ಕಾಡಿ, ಹೊಸ ಸೀರೆ ಉಡಿಸಿ ಕರೆದುಕೊಂಡು ಬಂದಳು. ನಾನೂ ಹೋದೆ. ಅಂಜನಮ್ಮ ಮೊದಲು ಹೆದರಿದರು. ಬೆಲ್ಲದ ಅಚ್ಚನ್ನು ತೋರಿಸಿದ್ದೇ ಪರದೆಯ ಮೇಲೆ ‘ಬೆಲ್ಲ’ ಎಂದು ಬಂತು ನೋಡಿ, ಅವರ ಮುಖ ಅರಳಿದ್ದನ್ನು ಏನು ಹೇಳಲಿ! ಆಮೇಲೆ ನಮ್ಮನ್ನು ತಿರುಗಿಯೂ ನೋಡದೆ ಗಾಡಿ ತಳ್ಳಿಕೊಂಡು ಹೊರಟುಬಿಟ್ಟರು.

ತರಕಾರಿಯ ಕಟ್ಟೆಯಲ್ಲಿ ಇರುವವಳು ಮುನಿರತ್ನಮ್ಮ. ಮೊದಲು ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದವಳನ್ನು ಮನೋಹರ್ ಕರೆತಂದು ಕೂರಿಸಿದ್ದ. ಆಕೆ ಹುರುಳಿಕಾಯಿ ತೂಗಿದಳು, ಚೀಟಿ ಅಂಟಿಸಿದಳು, ಗಾಡಿಗೆ ತೋರಿಸಿ ಒಳಗೆ ಇಟ್ಟಳು. ಇಟ್ಟ ಮೇಲೆ, ಹಬ್ಬ ಬೇರೆ, ಹಳೇ ಪರಿಚಯದ ಅಂಜನಮ್ಮ ಬೇರೆ, ಮೇಲಿಂದ ಒಂದು ಹಿಡಿ ಕಾಯಿ, ಒಂದು ಕಂತೆ ಕೊತ್ತಂಬರಿ ಕೊಸರು ಹಾಕಿದಳು. ತೂಕ ಆದ ಮೇಲೆ ಒಂದು ಹಿಡಿ ಮೇಲೆ ಹಾಕದೆ ಕಳಿಸಲು ಅವಳಿಗೆ ಕೈ ಬರುವುದಿಲ್ಲ. ನಮ್ಮ ಕಡೆ ಕೊಸರಿಲ್ಲದ ವ್ಯಾಪಾರವೂ ಒಂದು ವ್ಯಾಪಾರವೇ?

ಬಿಲ್ಲಿನಲ್ಲಿಲ್ಲದ ಆ ಹಿಡಿಯನ್ನು ಗಾಡಿ ಹಿಡಿದುಬಿಟ್ಟಿತು. ಚಕ್ರ ಕಚ್ಚಿಕೊಂಡವು. ಗಂಟೆ ಕಿರುಚಿತು. ಅಯ್ಯೋ, ಎಂಥ ಕಿರುಚಾಟ! ಮಗ್ಗದ ಮನೆಯಲ್ಲಿ ಸಣ್ಣಗೆ ಕೇಳಿಸಿದ್ದು ಆ ತಣ್ಣನೆಯ ಅಂಗಡಿಯಲ್ಲಿ ಫ್ಯಾಕ್ಟರಿ ಸೈರನ್ನಿನ ಹಾಗೆ ಹೊಡೆದುಕೊಂಡಿತು. ಒಬ್ಬಾಕೆಯ ಕೈಯಿಂದ ತುಪ್ಪದ ಜಾಡಿಯೇ ಬಿತ್ತು. ಮೇಲಿನ ಅಂತಸ್ತಿನವರು ಕೆಳಗೆ ಓಡಿಬಂದರು.

ಅಂಜನಮ್ಮನಿಗೆ ಮಾತ್ರ ಅದು ಕೇಳಲಿಲ್ಲ. ಮಗ್ಗದವರ ಕಿವಿಗೆ ಮೊದಲು ಸಾಯುವುದೇ ಅಂಥ ಕೀರಲು ದನಿಗಳು. ಗಾಡಿ ಎಲ್ಲೋ ಸಿಕ್ಕಿಕೊಂಡಿದೆ ಎಂದುಕೊಂಡು ಆಕೆ ನಗುನಗುತ್ತಲೇ ಬಲವಾಗಿ ತಳ್ಳುತ್ತಿದ್ದರು. ಸುತ್ತ ಜನ. ನಾವು ಬಿಲ್ ಕಟ್ಟೆಯ ಹತ್ತಿರ ಇದ್ದೆವು, ಓಡಿದೆವು. ಅಷ್ಟರಲ್ಲಿ ಬಾಗಿಲ ಕಾವಲಿನವನು ಗಾಡಿ ಹಿಡಿದುಕೊಂಡು, “ಏನ್ ಬಚ್ಚಿಟ್ಕೊಂಡಿದ್ದೀಯ, ತೆಗಿ” ಎಂದುಬಿಟ್ಟ. ಅವನು ಎದುರಿಗೇ ನಿಂತು ಹೇಳಿದ್ದ. ಅವನ ತುಟಿಗಳು ಚೆನ್ನಾಗಿ ಕಾಣುತ್ತಿದ್ದವು. ಅಂಜನಮ್ಮನಿಗೆ ಒಂದೊಂದು ಅಕ್ಷರವೂ ತಿಳಿಯಿತು.

ಆಕೆ ಗಾಡಿಯಿಂದ ಕೈ ತೆಗೆದರು. ಮನೆಯವರೆಗೆ ನನ್ನ ಕೈ ಬಿಡಲಿಲ್ಲ. ನನಗೆ ಬಂದ ಸಿಟ್ಟಿಗೆ ಆ ಕಾವಲಿನವನನ್ನೂ ಆ ಗಾಡಿಯನ್ನೂ ಒಟ್ಟಿಗೆ ಚರಂಡಿಗೆ ಹಾಕುತ್ತಿದ್ದೆ.

ಮನೋಹರ್ ಒಳ್ಳೆಯವನೇ. ಕಾವಲಿನವನನ್ನು ಕರೆದು ಬೈದ, ಸಂಜೆ ತಾನೇ ಮನೆಗೆ ಬಂದು ಕೈಮುಗಿದ. ಆದರೆ ಮಾರನೆಯ ವಾರ ಅವನು ಕಂಡುಹಿಡಿದ ಪರಿಹಾರ ಕೇಳಿ: ಮುನಿರತ್ನಮ್ಮ ಕೊಸರು ನಿಲ್ಲಿಸಬೇಕು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. “ನೋಡಪ್ಪಾ, ನಿನ್ ಕಾಯಿ ನಿನ್ಗೇ ಇರ್ಲಿ. ನನ್ ಕೈ ಕಟ್ಟಾಕ್ಬೇಡ. ಬೇಡ ಅಂದ್ರೆ ನಾಳೆಯಿಂದ ಬರಕಿಲ್ಲ.”

ಸ್ನೇಹ ಅಲ್ಲೇ ಇದ್ದಳು. ಗಾಡಿ ಮಾಡಿದವಳು ಗಾಡಿಯ ಪರವಾಗಿ ನಿಲ್ಲುತ್ತಾಳೆ ಎಂದೇ ನಾನು ಅಂದುಕೊಂಡಿದ್ದೆ. ಅವಳು, “ಬೇಡ ಅಣ್ಣ, ಅವರು ಹಾಕ್ಲಿ. ಕೊಸರು ಅಂದ್ರೇನು ಅಂತ ಗಾಡಿಗೆ ನಾನು ಹೇಳ್ಕೊಟ್ಟಿರ್ಲಿಲ್ಲ. ತಪ್ಪು ನಂದು” ಎಂದು ಗಾಡಿಯನ್ನು ಲಗೇಜ್ ಆಟೋಗೆ ಹಾಕಿಕೊಂಡು ಮನೆಗೆ ಬಂದಳು.

ಮನೆಯಲ್ಲಿ ಅದನ್ನು ಕಂಡರೆ ಅಂಜನಮ್ಮನಿಗೆ ಆಗುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ನಿಲ್ಲಿಸಿ ಅದರ ಮೇಲೆ ಒದ್ದೆ ಟವೆಲು ಒಣಗಹಾಕಿದರು. ಸ್ನೇಹ ಟವೆಲು ತೆಗೆದು ಕೆಲಸ ಮಾಡುವುದು, ಎದ್ದ ಕೂಡಲೇ ತಾಯಿ ಮತ್ತೆ ಹಾಕುವುದು. ನಾನು ಕಿಟಕಿಯಿಂದ ನೋಡಿ ನಗುತ್ತಿದ್ದೆ, ಒಳಗೊಳಗೆ ಸಂಕಟವೂ ಆಗುತ್ತಿತ್ತು. ಹುಡುಗಿ ಸೊರಗಿಹೋಗಿದ್ದಳು. “ಅಮ್ಮ ಅಂಗಡಿಗೆ ಹೋಗ್ಲಿ ಅಂತ ಮಾಡ್ದೆ ಪ್ರಮೋದಕ್ಕ. ಈಗ ಜನ್ಮದಲ್ಲಿ ಹೋಗಲ್ಲ” ಎಂದು ಒಂದು ದಿನ ನನ್ನ ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತಳು.

ಆದರೂ ಬಿಡಲಿಲ್ಲ, ಮೊಂಡಿಯಲ್ಲವೇ. ತರಕಾರಿ ಹಾಕಿದ ಮೇಲೆ ಒಂದೆರಡು ಹಿಡಿ ಹೆಚ್ಚಾದರೆ ಗಾಡಿ ಸುಮ್ಮನಿರುವಂತೆ ಮಾಡಿದಳು. ಚಕ್ರ ಕಚ್ಚುವುದನ್ನು ಕಿತ್ತುಹಾಕಿದಳು. ಗಂಟೆಯನ್ನು ಕಿತ್ತು ನನ್ನ ಕಣ್ಣೆದುರೇ ಎಸೆದಳು. ಗಂಟೆಯ ಬದಲು ಏನು ಎನ್ನುವುದಕ್ಕೇ ಬಹಳ ದಿನ ಹಿಡಿಯಿತು. ತಾಯಿ ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಊರಿ, ಕೇಳದ ಕಿವಿಯಲ್ಲೇ ಮಗ್ಗ ಸರಿಯಾಗಿ ಓಡುತ್ತಿದೆಯೇ ಇಲ್ಲವೇ ಎಂದು ಹೇಳುವುದನ್ನು ಅವಳು ದಿನಾ ನೋಡುತ್ತಿದ್ದಳು. ಕೊನೆಗೆ ಗಾಡಿಯ ಹಿಡಿಕೆಯೊಳಗೆ ಫೋನನ್ನು ನಡುಗಿಸುವಂಥ ಸಣ್ಣ ಮೋಟಾರು ಕೂರಿಸಿದಳು. ತಪ್ಪಾದರೆ ಹಿಡಿಕೆ ನಡುಗುತ್ತದೆ. ಹಿಡಿದವರಿಗೆ ಮಾತ್ರ ಗೊತ್ತು, ಊರಿಗೆಲ್ಲ ಅಲ್ಲ.

ಒಂದು ಮಧ್ಯಾಹ್ನ ಅವಳು ಅದನ್ನು ಹಿಡಿದುಕೊಂಡು ಕಣ್ಣು ಮುಚ್ಚಿ ಪರೀಕ್ಷೆ ಮಾಡುತ್ತಿದ್ದಾಗ ಅಂಜನಮ್ಮ ಟವೆಲು ಹಿಡಿದುಕೊಂಡು ಬಂದರು. ಏನು ಮಾಡುತ್ತಿದ್ದಾಳೆ ಎಂದು ನೋಡಲು ಹಿಡಿಕೆಯ ಮೇಲೆ ಕೈಯಿಟ್ಟರು. ತಕ್ಷಣ ಕೈ ತೆಗೆದು, ಕರೆಂಟು ಹೋಗಿ ಮಗ್ಗ ನಿಂತಿದ್ದರಿಂದ ಕಿಟಕಿಯಲ್ಲಿದ್ದ ನನಗೂ ಕೇಳುವಷ್ಟು ಜೋರಾಗಿ, “ಇದೇನೇ, ಕೈ ಕಿತ್ತು ಬರೋ ಹಂಗೆ! ಮೆತ್ತಗೆ ಮಾಡು” ಎಂದರು. ಸ್ನೇಹ ಮೆತ್ತಗೆ ಮಾಡಿದಳು. “ಇನ್ನೂ ಮೆತ್ತಗೆ.” ಮಾಡಿದಳು. ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಅಂಜನಮ್ಮ ಸಂಜೆಯವರೆಗೆ ಅಲ್ಲೇ ಕೂತರು. ಬೇಳೆ ತೋರಿಸಿ ಹಾಕಿದರು, ತೋರಿಸದೆ ಹಾಕಿದರು, ಗಾಡಿಯನ್ನು ಯಾಮಾರಿಸಲು ನೋಡಿ ನೋಡಿ ನಕ್ಕರು.

ದಸರಾ ರಜೆ ಕಳೆದ ಮೇಲೆ ಗಾಡಿ ಮತ್ತೆ ಮಾರ್ಟಿಗೆ ಹೋಯಿತು. ಮನೋಹರ್ ಹದಿನೈದು ದಿನ ಬೇರೆ ಗಿರಾಕಿಗಳಿಗೆ ಕೊಟ್ಟು ನೋಡಿ, ಇನ್ನೂ ಮೂರು ಮಾಡಿಕೊಡು ಎಂದ. ಸ್ನೇಹ ಆಗಲಿ ಎಂದಳೇ ಹೊರತು ಮುಖದಲ್ಲಿ ಕಳೆ ಇರಲಿಲ್ಲ. ತಾಯಿ ಹೋಗಿರಲಿಲ್ಲವಲ್ಲ. ನಾವು ಕೇಳಿದಾಗಲೆಲ್ಲ ಅಂಜನಮ್ಮ ಮುಖ ತಿರುಗಿಸುತ್ತಿದ್ದರು. ಮುಖ ತಿರುಗಿಸಿದರೆ ಅವರೊಡನೆ ಮಾತು ಮುಗಿದ ಹಾಗೆಯೇ.

ಒಂದು ಶನಿವಾರ ನಾನು ಗುಂಡಿ ಹಚ್ಚುತ್ತಿದ್ದೆ. ಅಂಜನಮ್ಮ ವೈರ್ ಬ್ಯಾಗು ಹಿಡಿದು ಬಂದು, “ನಡಿ” ಎಂದರು. ಸ್ನೇಹ ಚಪ್ಪಲಿ ಸಿಕ್ಕಿಸಿಕೊಂಡು ಓಡಿಬಂದಳು. ಮಾರ್ಟಿನ ಬಾಗಿಲಲ್ಲಿ ಆಕೆ ನಮ್ಮಿಬ್ಬರಿಗೂ ಅಲ್ಲೇ ನಿಲ್ಲುವಂತೆ ಕೈತೋರಿಸಿ ಒಬ್ಬರೇ ಒಳಗೆ ಹೋದರು. ಅದೇ ಕಾವಲಿನವನು ಸ್ಟೂಲಿನಿಂದ ಎದ್ದು ಗಾಡಿ ತಂದುಕೊಟ್ಟ. ಆಕೆ ಅವನ ಮುಖ ನೋಡಲಿಲ್ಲ, ಗಾಡಿ ಮಾತ್ರ ತೆಗೆದುಕೊಂಡರು.

ಎಷ್ಟು ಹೊತ್ತಾದರೂ ಬರಲಿಲ್ಲ. ಸ್ನೇಹ ಉಗುರು ಕಚ್ಚುತ್ತಿದ್ದಳು. “ಒಳಗೆ ಹೋಗ್ಲಾ ಅಕ್ಕ?” “ನಿಂತ್ಕೊಳೇ ಸುಮ್ನೆ” ಎಂದು ಗದರಿದೆನಾದರೂ ನನ್ನ ಜೀವವೂ ಬಾಯಿಗೆ ಬಂದಿತ್ತು. ಒಳಗಿನಿಂದ ಯಾವ ಗದ್ದಲವೂ ಇಲ್ಲ.

ಕೊನೆಗೆ ಬಂದರು. ಬ್ಯಾಗು ತುಂಬಿ ಮೇಲೆ ಕೊತ್ತಂಬರಿ ಇಣುಕುತ್ತಿತ್ತು. ಕಿವಿ ಕೇಳದವರ ಮಾತು ಯಾವಾಗಲೂ ಜೋರು, ಮೇನ್‌ರೋಡಿಗೆಲ್ಲ ಕೇಳುವಂತೆ ಹೇಳಿದರು: “ಒಂದ್ಸಲ ಕೈಗೆ ಗುರ್ ಅಂತು. ನೋಡಿದ್ರೆ ಅಕ್ಕಿಹಿಟ್ಟು ತೋರಿಸ್ದೇನೇ ಹಾಕ್ಬಿಟ್ಟಿದ್ದೆ. ತೆಗೆದು ತೋರಿಸ್ದೆ. ಸುಮ್ನಾಯ್ತು. ಒಬ್ರೂ ತಿರುಗಿ ನೋಡ್ಲಿಲ್ಲ ಕಣೇ!”

ಸ್ನೇಹ ಬ್ಯಾಗು ಇಸಿದುಕೊಂಡು ಒಳಗೆ ಇಣುಕಿದಳು. ಹಸಿರು ಕಾಗದದ ಸೋಪೊಂದನ್ನು ಹೊರಗೆ ತೆಗೆದು ತಾಯಿಯ ಎದುರು ಬಂದು ನಿಂತು, ತುಟಿ ಕಾಣುವಂತೆ ನಿಧಾನವಾಗಿ ಕೇಳಿದಳು. “ಇದ್ಯಾಕಮ್ಮಾ? ನಿಂಗೆ ಗಂಧದ ಸೋಪಲ್ವಾ ಇಷ್ಟ?”

“ಅದು ನಿಂಗಿಷ್ಟ. ನೀನು ತರ್ತಿದ್ದೆ, ನಾನು ಹಚ್ಕೊಳ್ತಿದ್ದೆ.”

ಅಷ್ಟು ವರ್ಷ ತಪ್ಪದೆ ತಿಂಗಳು ತಿಂಗಳು ಅದನ್ನೇ ತಂದುಹಾಕಿದ್ದ ಮಗಳು ರಸ್ತೆಯಲ್ಲೇ ಅಳತೊಡಗಿದಳು. ನನಗೂ ತಡೆಯಲಾಗಲಿಲ್ಲ. ಅಂಜನಮ್ಮ ಸೋಪನ್ನು ಕಿತ್ತುಕೊಂಡು ಒಮ್ಮೆ ಮೂಸಿ ಸೆರಗಿನಲ್ಲಿ ಕಟ್ಟಿಕೊಂಡರು. “ಇನ್ನೊಂದಿನ ಬಂದು ಹಿಂಗೆ ಬಾಗ್ಲಲ್ಲಿ ನಿಂತ್ಕೋಬೇಡಿ ಇಬ್ರೂ” ಎಂದರು. “ನಂಗೆ ಒಳಗೆ ಹೊತ್ತಾಗ್ತದೆ.”