ಚಹಾದಾಕೆ ಕೂತಿದ್ದ ಡ್ರಮ್ಮು

ಆದೋನಿಯ ಎಣ್ಣೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನಾನು ಕೆಲಸಕ್ಕಿದ್ದೆ. ಎಷ್ಟು ಹಿಂಡಿದರೂ ಹತ್ತಿಬೀಜದ ಹಿಂಡಿಯಲ್ಲಿ ಒಂದಿಷ್ಟು ಎಣ್ಣೆ ಉಳಿಯುತ್ತದೆ. ಅದನ್ನು ಹೆಕ್ಸೇನ್ ಎಂಬ ದ್ರವದಿಂದ ತೊಳೆದು ತೆಗೆಯುತ್ತಾರೆ. ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ಅದಕ್ಕೇ ಗೇಟಿನಲ್ಲಿ ಎಲ್ಲರ ಬೆಂಕಿಪೊಟ್ಟಣ ಕಸಿದುಕೊಳ್ಳುತ್ತಿದ್ದರು.

ಗೇಟಿನ ಹೊರಗೆ, ಗೋಡೆಗೆ ಅಂಟಿಕೊಂಡೇ, ಆಲೂರು ಕಡೆಯ ಹೆಂಗಸೊಬ್ಬಳು ಚಹಾ ಮಾರುತ್ತಿದ್ದಳು. ಒಂದು ದಿನ ಹೊಸ ಮ್ಯಾನೇಜರು ಚಹಾ ಕುಡಿಯುತ್ತಾ ಆಕೆ ಕೂತಿದ್ದ ಡ್ರಮ್ಮನ್ನೇ ನೋಡತೊಡಗಿದರು. ಅದು ನಮ್ಮದೇ ಡ್ರಮ್ಮು. ಒಳಗೇನಿದೆ ಎಂದು ತಿಳಿಸುವ ಚೀಟಿ ಸವೆದುಹೋಗಿತ್ತು. ಒಂದು ಮಾರು ದೂರದಲ್ಲಿ ಒಲೆ ಉರಿಯುತ್ತಿತ್ತು.

"ಅದರಾಗ ಏನೈತಮ್ಮಾ?"

"ಯಾರಿಗ್ಗೊತ್ತು ಸಾರ್. ಗ್ವಾಡಿ ರಿಪೇರಿ ಮಾಡುವಾಗ ನಿಮ್ಮೋರ ಇಟ್ಟು ಹೋದ್ರು. ತಂಪಿರತೈತಿ, ಕುಂದರತೀನಿ."

ಒಲೆ ಆರಿಸಿ, ಅದು ಪೂರ್ತಿ ತಣ್ಣಗಾದ ಮೇಲೆ ನಾನು ಮುಚ್ಚಳ ಬಿಚ್ಚಿ ಸ್ವಲ್ಪ ತೆಗೆದುಕೊಂಡೆ. ಬಣ್ಣವಿಲ್ಲ, ಪೆಟ್ರೋಲಿನಂಥ ವಾಸನೆ. ಲ್ಯಾಬಿನಲ್ಲಿ ನೀರಿಗೆ ಹಾಕಿದರೆ ಮೇಲೆ ತೇಲಿತು. ಕಾಗದಕ್ಕೆ ಹನಿಸಿದರೆ ಜಿಡ್ಡಿನ ಕಲೆ ಉಳಿಯದೆ ಆರಿಹೋಯಿತು, ಅಂದರೆ ಸೀಮೆಎಣ್ಣೆಯಲ್ಲ. ಬಿಸಿನೀರಿನಲ್ಲಿಟ್ಟಾಗ ಎಪ್ಪತ್ತು ಡಿಗ್ರಿಯೊಳಗೇ ಕುದಿಯಿತು. ಓಡಿಬಂದು, "ಹೆಕ್ಸೇನೇ ಸಾರ್" ಎಂದೆ.

ಮ್ಯಾನೇಜರು ಅಲ್ಲಿದ್ದ ಒಂದೇ ಆಸನದ ಮೇಲೆ ಕುಸಿದು ಕೂತರು. ಮರುಕ್ಷಣ ಅದೇ ಡ್ರಮ್ಮೆಂದು ನೆನಪಾಗಿ ಹಾರಿ ಎದ್ದರು.

"ಎಷ್ಟು ದಿನದಿಂದ ಕೂತೀಯಮ್ಮಾ? ಇದರ ಗಾಳಿ ಕುಡಿದ್ರ ನರ ಹೋಗತಾವು! ಕಾಲು ಜುಮ್ಮ ಅಂತಾವೇನು?"

"ಮೂರು ಬ್ಯಾಸಿಗಿ ಆತು. ಜುಮ್ಮ ಅಂತಾವ್ರಿ, ಡ್ರಮ್ಮು ಎತ್ತರ ಐತಲ್ಲ, ಕಾಲು ನೆಲಕ್ಕ ಮುಟ್ಟಂಗಿಲ್ಲ."

ಚೀಟಿಯಿಲ್ಲದೆ ಡ್ರಮ್ಮು ಕದಲಿಸುವಂತಿಲ್ಲ ಎಂಬುದು ನಿಯಮ. ನಾನು ಅಪಾಯದ ಚಿತ್ರಗಳನ್ನು ಅಂಟಿಸಿದೆ: ಒಂದರಲ್ಲಿ ಬೆಂಕಿ, ಇನ್ನೊಂದರಲ್ಲಿ ಎದೆ ಬಿರಿದ ಮನುಷ್ಯ.

"ತಮ್ಮಾ, ನಾ ಕುಂದ್ರೋ ಜಾಗದಾಗ ಎದಿ ಒಡದೋನ ಚಿತ್ರ ಯಾಕ ಹಚ್ಚಿದಿ?" ಎಂದು ಆಕೆ ನನ್ನ ಮೇಲೆ ಸಿಟ್ಟಾದಳು.

ಕೆಂಪು ಬಾವುಟ ಹಿಡಿದು, ಡ್ರಮ್ಮನ್ನು ತಳ್ಳುಗಾಡಿಯಲ್ಲಿ ಮೆರವಣಿಗೆಯಂತೆ ಒಳಗೆ ಒಯ್ದೆವು. ಆಕೆ ಗೇಟಿನವರೆಗೂ ಬಂದು, "ನಾ ಎಲ್ಲಿ ಕುಂದ್ರಲಿ?" ಎಂದು ಪಟ್ಟು ಹಿಡಿದಳು. ಕೊನೆಗೆ ಮ್ಯಾನೇಜರು ತಮ್ಮ ಮೆತ್ತನೆಯ ಕುರ್ಚಿಯನ್ನೇ ಕೊಟ್ಟು, ಒಲೆಯನ್ನು ರಸ್ತೆಯಾಚೆಗೆ ದೂರ ಹಾಕಿಸಿದರು.

ಸಂಜೆ ವರದಿ ತುಂಬಬೇಕಾಯಿತು. 'ಪದಾರ್ಥದ ಉಪಯೋಗ' ಎಂಬಲ್ಲಿ ನಾನು 'ಎಣ್ಣೆ ತೆಗೆಯಲು, ಚಪ್ಪಲಿಯ ಅಂಟು ತಯಾರಿಸಲು' ಎಂದು ಬರೆದೆ. ಸುಳ್ಳಿಗೆ ಹೆದರುವ ಮ್ಯಾನೇಜರು ಪೆನ್ನು ಕಸಿದುಕೊಂಡು, 'ಮತ್ತು ಕೂರಲು' ಎಂದು ಸೇರಿಸಿ ಸಹಿ ಹಾಕಿದರು.